ಬಯಸ್ಕೋಪಿನ ರಾಜನ ಎಡಗೈ

ಪರದೆಯ ಮೇಲೆ ರೈಲು ಬಂತು, ಜನ ಹೆದರಿ ಓಡಿದರು. ಮೂಕಿ ಚಿತ್ರಗಳ ಮೊದಲ ದಿನಗಳ ಬಗ್ಗೆ ಯಾರನ್ನು ಕೇಳಿದರೂ ಈ ಒಂದು ಕಥೆ ಸಿಗುತ್ತದೆ. ಊರು ಬದಲಾಗುತ್ತದೆ, ರೈಲು ಬದಲಾಗುವುದಿಲ್ಲ. ಎಲ್ಲೋ ಕಡಲಾಚೆಯ ದೇಶದಲ್ಲಿ ಓಡಿದರಂತೆ, ಮುಂಬಯಿಯಲ್ಲಿ ಓಡಿದರಂತೆ, ನಮ್ಮ ಪಾಣೆಮಂಗಳೂರಿನಲ್ಲೂ ಓಡಿದರಂತೆ. ನನಗೆ ಮೊದಲಿನಿಂದಲೂ ಒಂದು ಅನುಮಾನ. ಇಷ್ಟು ಜನ ಓಡಿದ್ದು ನಿಜವಾದರೆ, "ನಾನು ಓಡಿದೆ" ಎಂದು ಹೇಳಿದವರು ಒಬ್ಬರಾದರೂ ಇರಬೇಕಲ್ಲ? ಇಲ್ಲ. ಹೇಳುವವರೆಲ್ಲ ಓಡದೆ ಕೂತು ನೋಡಿದವರು, ಅಥವಾ ಅವರ ಮೊಮ್ಮಕ್ಕಳು. ಅದೂ ಅಲ್ಲದೆ, ಪಾಣೆಮಂಗಳೂರಿನಿಂದ ದೋಣಿಯಲ್ಲಿ ಅಕ್ಕಿ ಮುಡಿ ಹೇರಿಕೊಂಡು ಮಂಗಳೂರಿಗೆ ಹೋಗಿ ಬರುತ್ತಿದ್ದವರಿಗೆ ರೈಲು ಅಷ್ಟು ಹೊಸತಾಗಿತ್ತೇ? ಮಂಗಳೂರಿಗೆ ರೈಲು ಆಗಲೇ ಬಂದಾಗಿತ್ತು. ನಿಜವಾದ ರೈಲಿನ ಪಕ್ಕದಲ್ಲಿ ನಿಂತು ಬೀಡಿ ಸೇದಿದವನು ಬಟ್ಟೆಯ ಮೇಲಿನ ರೈಲಿಗೆ ಓಡುತ್ತಾನೆಯೇ?

ಇಷ್ಟೊಂದು ವಾದ ಮಾಡಲು ಕಾರಣ ಉಂಟು. ಪಾಣೆಮಂಗಳೂರಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಓಡಿದವರು ಎಂದು ಹೇಳಲಾಗುವ ಮನುಷ್ಯ ನನ್ನ ಮುತ್ತಜ್ಜ. ಅಮ್ಮನ ಕಡೆಯ ಅಜ್ಜಿಯ ಅಪ್ಪ.

ನಮ್ಮ ಮನೆ ಬಂಟ್ವಾಳದಲ್ಲಿ. ಈ ಕಥೆಯನ್ನು ಮನೆತನದ ಆಸ್ತಿಯಂತೆ ಕಾಪಾಡಿಕೊಂಡು ಬಂದವರು ಮೂಡುಬಿದಿರೆಯಲ್ಲಿರುವ ನನ್ನ ಮಾವ, ಅಮ್ಮನ ಅಣ್ಣ. ನಿವೃತ್ತ ಹೈಸ್ಕೂಲು ಮಾಸ್ಟ್ರು. ಅದಕ್ಕಿಂತ ಹೆಚ್ಚಾಗಿ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ ಇಬ್ಬರು ಎದುರುಬದುರು ಕೂತು ಒಬ್ಬ ನಾಯಕನ ಪರ, ಇನ್ನೊಬ್ಬ ಅವನ ವೈರಿಯ ಪರ ಮಾತಿನಲ್ಲೇ ಹೊಡೆದಾಡುತ್ತಾರೆ. ಕಥೆಯಲ್ಲಿ ಸಾಯಬೇಕಾದವನು ಮಾತಿನಲ್ಲಿ ಗೆದ್ದು ಮನೆಗೆ ಹೋಗುವುದೂ ಉಂಟು. ನನಗೆ ಚರ್ಚಾಸ್ಪರ್ಧೆ ಕಲಿಸಿದ್ದು ಮಾವನೇ. "ಎದುರಿನವನ ಮಾತನ್ನು ಅವನಿಗಿಂತ ಚಂದ ಮಾಡಿ ನೀನೇ ಹೇಳು. ಮತ್ತೆ ಒಡೆ," ಎನ್ನುತ್ತಿದ್ದರು.

ಮದುವೆ ಇರಲಿ, ಗೃಹಪ್ರವೇಶ ಇರಲಿ, ಎಲೆ ಹಾಕುವುದಕ್ಕೆ ಮೊದಲು ಯಾರಾದರೂ "ಮಾಸ್ಟ್ರೇ, ಅಜ್ಜನ ರೈಲು ಒಮ್ಮೆ ಬಿಡಿ" ಎಂದರೆ ಸಾಕು. ಮಾವ ಹೆಗಲ ಮೇಲಿನ ಟವೆಲನ್ನು, ನಮ್ಮ ಕಡೆಯ ಬೈರಾಸನ್ನು, ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಹೊಳೆಬದಿಯ ಡೇರೆ, ಎದುರು ಸಾಲಿನಲ್ಲಿ ಹೊಸ ಕೊಡೆ ಹಿಡಿದು ಗತ್ತಿನಲ್ಲಿ ಕೂತ ಮುತ್ತಜ್ಜ, ದೂರದಲ್ಲಿ ಹೊಗೆ, ಹತ್ತಿರ, ಇನ್ನೂ ಹತ್ತಿರ. ಮುತ್ತಜ್ಜ ಎದ್ದರು, ಕೊಡೆ ಬಿಟ್ಟರು, ಒಂದೇ ಓಟ, ಬಂಟ್ವಾಳ ಪೇಟೆ ಬಂದ ಮೇಲೆಯೇ ಹಿಂದೆ ತಿರುಗಿ ನೋಡಿದ್ದು. "ರೈಲಿಗಿಂತ ಮೊದಲು ಮುಟ್ಟಿದ ಜನ ಅವರು," ಎಂದು ಮಾವ ಮುಗಿಸಿದಾಗ ಚಪ್ಪರವೇ ನಗುತ್ತದೆ. ಅಜ್ಜಿಯೂ ಸೆರಗು ಬಾಯಿಗೆ ಹಿಡಿದು ನಗುತ್ತಾರೆ.

ನಾನೂ ಸಾಚಾ ಅಲ್ಲ. ಒಂಬತ್ತನೇ ಕ್ಲಾಸಿನಲ್ಲಿ, ವಿಜ್ಞಾನ ವರವೋ ಶಾಪವೋ ಎಂಬ ಹಳಸಲು ವಿಷಯಕ್ಕೆ ಇದೇ ಕಥೆಯನ್ನು ಪೀಠಿಕೆಯಾಗಿ ಬಳಸಿ ಮೊದಲ ಬಹುಮಾನ ಹೊಡೆದಿದ್ದೆ. ಅಜ್ಜಿ ಎದುರಿನ ಸಾಲಿನಲ್ಲಿ ಕೂತಿದ್ದರು.

ಈಗ ನಾನು ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದಿನಾ ಪುಂಜಾಲಕಟ್ಟೆಯ ಮೇಲಿನಿಂದ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೆ ಬರೆಯುತ್ತೇನೆ. ಕಳೆದ ಒಂದೂವರೆ ವರ್ಷದಿಂದ ಬರೆಯುತ್ತಿರುವುದು ಮಕ್ಕಳ ಕಾದಂಬರಿ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ನಮ್ಮ ಸೀಮೆಗೆ ಮೊದಲ ಸಲ ಬಂದ ಬಯಸ್ಕೋಪಿನ, ಅಂದರೆ ಡೇರೆ ಸಿನಿಮಾದ, ಬೆನ್ನು ಹತ್ತುವ ಕಥೆ. ಯಂತ್ರ ಮಂಗಳೂರಿನಿಂದ ದೋಣಿಯಲ್ಲಿ ಬರುತ್ತದೆ, ಪಾಣೆಮಂಗಳೂರಿನಲ್ಲಿ ಇಳಿಯುತ್ತದೆ, ಅಲ್ಲಿ ಆಟ ಮುಗಿಸಿ ಎತ್ತಿನ ಗಾಡಿ ಹತ್ತಿ ಬೆಳ್ತಂಗಡಿಗೆ ಏರುತ್ತದೆ. ನನ್ನ ಬಸ್ಸಿನ ದಾರಿಯೇ. ಒಂದೊಂದು ತಿರುವಿನಲ್ಲೂ ಗಾಡಿ ಎಲ್ಲಿ ನಿಂತಿರಬಹುದು, ಎತ್ತಿಗೆ ನೀರು ಎಲ್ಲಿ ಕುಡಿಸಿರಬಹುದು ಎಂದು ನೋಡುತ್ತ ಎರಡು ಸಲ ನನ್ನ ಸ್ಟಾಪು ದಾಟಿ ಹೋಗಿದ್ದೇನೆ.

ಪ್ರಕಾಶನದ ಸಂಪಾದಕಿ ಫೋನಿನಲ್ಲಿ ಒಂದೇ ಮಾತು ಹೇಳಿದ್ದರು. "ರೈಲಿನ ದೃಶ್ಯ ಬಿಡಬೇಡಿ. ಮಕ್ಕಳಿಗೆ ಮಜಾ ಬರೋದೇ ಅಲ್ಲಿ." ನಾನು ವಾದ ಮಾಡಲಿಲ್ಲ. ಅನುಮಾನ ಒಂದು ಕಡೆ ಇರಲಿ, ದೃಶ್ಯ ಬರೆಯಲು ಸುಲಭ. ಮುತ್ತಜ್ಜನನ್ನೇ ಎದುರು ಸಾಲಿನಲ್ಲಿ ಕೂರಿಸಿದೆ, ಕೊಡೆ ಕೊಟ್ಟೆ, ಓಡಿಸಿದೆ. ಸೋಮವಾರ ಹಸ್ತಪ್ರತಿ ಕಳಿಸಬೇಕಿತ್ತು. ಶುಕ್ರವಾರ ಸಂಜೆ ಅಜ್ಜಿಗೆ ಓದಿ ಹೇಳಿದೆ.

ಅಜ್ಜಿ ಬಸಳೆ ಸೋಸುತ್ತಿದ್ದರು. ಕೊನೆಯವರೆಗೆ ಕೇಳಿದರು. ನಮ್ಮ ಮನೆಯ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಚಂದ ಉಂಟು," ಎಂದರು. ಇನ್ನೊಂದು ದಂಟು ಕೈಗೆತ್ತಿಕೊಂಡು, "ಅಪ್ಪನನ್ನು ಓಡಿಸಬೇಡ," ಎಂದರು.

"ಅಜ್ಜಿ, ನೀವೂ ನಗ್ತೀರಲ್ಲ ಅದಕ್ಕೆ."

"ಚಪ್ಪರದಲ್ಲಿ ಹೇಳಿದ್ದು ಚಪ್ಪರ ಬಿಚ್ಚುವಾಗ ಹೋಗ್ತದೆ. ಇದು ಪುಸ್ತಕ. ನಾನು ಸತ್ತ ಮೇಲೂ ಓಡ್ತಾ ಇರ್ತಾರೆ ಅವರು."

"ಹೆದರಲಿಲ್ಲ ಅನ್ನಲಿಕ್ಕೆ ಆಧಾರ ಎಂತ?"

ಕೇಳಿದ ತಕ್ಷಣ ನಾಲಗೆ ಕಚ್ಚಿಕೊಂಡೆ. ಎಂಬತ್ತೇಳು ವರ್ಷದ ಹೆಂಗಸಿನ ಹತ್ತಿರ ಕೇಳುವ ಪ್ರಶ್ನೆ ಅಲ್ಲ. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. "ನನ್ನ ಅಪ್ಪ ಅಲ್ವಾ?" ಎಂದರು. ಅವರ ಕಡೆಯ ಸಾಕ್ಷ್ಯ ಅಷ್ಟೇ.

ಹೆಸರಿಲ್ಲದ ಯಾರನ್ನೋ ಓಡಿಸಿಬಿಡಬಹುದಿತ್ತು. ಆದರೆ ಆ ಯಾರೋ ಇನ್ನೊಬ್ಬರ ಅಪ್ಪ ಆಗಿರುವುದಿಲ್ಲವೇ? ನಾನು ಇನ್ನೊಂದು ದಾರಿ ಹಿಡಿದೆ. "ಮುತ್ತಜ್ಜ ರೈಲಿನ ಬಗ್ಗೆ ನಿಮಗೆ ಎಂತ ಹೇಳ್ತಿದ್ದರು?"

"ರೈಲು? ಅಪ್ಪ ರೈಲಿನ ಸುದ್ದಿ ಎತ್ತಿದ್ದೇ ಇಲ್ಲ. ಅವರು ಹೇಳ್ತಿದ್ದದ್ದು ರಾಜನ ಸುದ್ದಿ."

ರಾಜ ನನಗೆ ಗೊತ್ತು. ನಮ್ಮ ಮನೆಯ ಮಕ್ಕಳಿಗೆಲ್ಲ ಗೊತ್ತು. ಚಿಕ್ಕವರಿದ್ದಾಗ ಅನ್ನದ ಬಟ್ಟಲಿಗೆ ಎಡಗೈ ಹಾಕಿದರೆ ಬೀಳುತ್ತಿದ್ದ ಬೈಗುಳವೇ ಅದು: "ನೀನೆಂತ ಬಯಸ್ಕೋಪಿನ ರಾಜನಾ?" ಅಜ್ಜಿ ಕಥೆ ಹೇಳುವಾಗ ಸೌಟನ್ನು ಕತ್ತಿ ಮಾಡಿಕೊಂಡು ಎಡಗೈಯಲ್ಲೇ ಬೀಸುತ್ತಿದ್ದರು. ಯಾಕೆ ಎಡಗೈ ಎಂದು ನಾನು, ಎಲ್ಲದಕ್ಕೂ ಯಾಕೆ ಎನ್ನುವ ನಾನು, ಒಮ್ಮೆಯೂ ಕೇಳಿರಲಿಲ್ಲ. ಮನೆಯೊಳಗಿನ ಮಾತು ಹಾಗೆ. ಕಿವಿಗೆ ಬೀಳುತ್ತದೆ, ಬುದ್ಧಿಗೆ ಬೀಳುವುದಿಲ್ಲ.

ಆ ದಿನವೂ ಕೇಳಲಿಲ್ಲ. ತಲೆಯಲ್ಲಿ ರೈಲೇ ಇತ್ತು.

ಶನಿವಾರ ಬೆಳಿಗ್ಗೆ ಸ್ಕೂಟರು ತೆಗೆದು ಪಾಣೆಮಂಗಳೂರಿಗೆ ಹೋದೆ. ಹೋದದ್ದು ಬೇರೆ ಕೆಲಸಕ್ಕೆ. ಭಾರದ ಯಂತ್ರವನ್ನು ದೋಣಿಯಿಂದ ಹೇಗೆ ಇಳಿಸುತ್ತಿದ್ದರು ಎಂಬುದು ಐದನೇ ಅಧ್ಯಾಯದಲ್ಲಿ ಸರಿಯಾಗಿ ಕೂತಿರಲಿಲ್ಲ. ಪೇಟೆಯಲ್ಲಿ ಹಗ್ಗ, ಬುಟ್ಟಿ, ಚಾಪೆ ಮಾರುವ ಹಳೆಯ ಅಂಗಡಿಯ ಹಾಜಿಯವರ ಅಜ್ಜನಿಗೆ ದೋಣಿಗಳಿದ್ದವು ಎಂದು ಕೇಳಿದ್ದೆ. ಹಾಜಿಯವರಿಗೆ ಈಗ ಎಂಬತ್ತರ ಮೇಲೆ. ಮಕ್ಕಳು ದುಬೈಯಲ್ಲಿ. ಅಂಗಡಿಯಲ್ಲಿ ಅವರು, ಪಕ್ಕದಲ್ಲಿ ಸ್ಟೂಲಿನ ಮೇಲೆ ಐದಾರು ವರ್ಷದ ಮರಿಮಗಳು.

"ಕೂತುಕೊಳ್ಳಿ, ಚಾ ಕುಡಿಯುವ. ದೋಣಿ ಎಲ್ಲಿಗೂ ಹೋಗುವುದಿಲ್ಲ, ಯಾಕೆಂದರೆ ಈಗ ದೋಣಿಯೇ ಇಲ್ಲ," ಎಂದರು. ನಕ್ಕದ್ದು ನಾನು ಮಾತ್ರ. ಅವರು ಆ ಮಾತನ್ನು ತುಂಬಾ ಜನರಿಗೆ ಹೇಳಿದ್ದಿರಬೇಕು.

ಚಾ ಬಂತು, ತಟ್ಟೆಯಲ್ಲಿ ಬಿಸ್ಕುಟು. ಮಗು ಕೈ ಚಾಚಿತು. ಹಾಜಿಯವರು ಬ್ಯಾರಿ ಭಾಷೆಯಲ್ಲಿ ಏನೋ ಗದರಿದರು. ನನಗೆ ಬ್ಯಾರಿ ಅಷ್ಟಾಗಿ ಬರುವುದಿಲ್ಲ. ಆದರೆ ಆ ವಾಕ್ಯದಲ್ಲಿ ಒಂದು ಶಬ್ದ ಗೊತ್ತಾಯಿತು. ಬಯಸ್ಕೋಪ್.

ಮಗು ಎಡಗೈ ಹಿಂದೆಳೆದು ಬಲಗೈ ಚಾಚಿತು.

ನಾನು ಚಾದ ಲೋಟ ಕೆಳಗಿಟ್ಟೆ. "ಹಾಜ್ಯಾರೆ, ಈಗ ಎಂತ ಹೇಳಿದ್ದು ನೀವು?"

"ಎಡಗೈಯಲ್ಲಿ ತಿನ್ನಬೇಡ ಅಂತ."

"ಹೇಗೆ ಹೇಳಿದ್ದು?"

"ನೀನು ಬಯಸ್ಕೋಪಿನ ರಾಜನ ಮಗಳಾ ಅಂತ. ನಮ್ಮ ಮನೆಯಲ್ಲಿ ಹಾಗೆ ಹೇಳುವ ಕ್ರಮ."

ಇಲ್ಲಿ ನನ್ನ ತರಬೇತಿ ಕೆಲಸಕ್ಕೆ ಬಂತು. "ಅಯ್ಯೋ ನಮ್ಮ ಮನೆಯಲ್ಲೂ ಹಾಗೇ ಹೇಳ್ತಾರೆ" ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹಾಗೆ ಹೇಳಿದ್ದರೆ ಅವರು ನನ್ನ ಕಥೆಗೆ ತಕ್ಕಂತೆ ತಮ್ಮ ಕಥೆ ಹೊಂದಿಸುತ್ತಿದ್ದರು. ಒಳ್ಳೆಯವರೆಲ್ಲ ಹಾಗೆಯೇ ಮಾಡುವುದು. ಮುತ್ತಜ್ಜನ ಸುದ್ದಿಯಾಗಲಿ ರೈಲಿನ ಸುದ್ದಿಯಾಗಲಿ ಎತ್ತದೆ, "ಯಾರು ಆ ರಾಜ?" ಎಂದಷ್ಟೇ ಕೇಳಿದೆ.

ಹಾಜಿಯವರು ಕನ್ನಡಕ ತೆಗೆದರು. ಅವರ ಅಜ್ಜ ಮತ್ತು ದೋಣಿಯವರು ಯಂತ್ರ ಹೊತ್ತು ತಂದದ್ದಕ್ಕೆ ಅವರಿಗೆ ಆಟ ಪುಕ್ಕಟೆ. ಆದರೆ ಜಾಗ ಪರದೆಯ ಹಿಂದೆ. ಡೇರೆಯ ನಡುವೆ ಬಿಳಿ ಬಟ್ಟೆ ಕಟ್ಟಿ, ಎದುರಿನಲ್ಲಿ ಚಾಪೆ, ಬೆಂಚು, ಮಾನ್ಯರು, ಹಿಂದೆ ಉಳಿದವರು. ಬಟ್ಟೆ ಒಣಗಿದರೆ ಹಿಂದಿನವರಿಗೆ ಚಿತ್ರ ಕಾಣುವುದಿಲ್ಲ. ಅದಕ್ಕೆ ಇಬ್ಬರು ಹೊಳೆಯಿಂದ ನೀರು ತಂದು ಬಟ್ಟೆಗೆ ಎರಚುತ್ತಲೇ ಇರಬೇಕು.

"ಹಿಂದೆ ಕೂತವರಿಗೆ ಚಿತ್ರದ ಒಟ್ಟಿಗೆ ಸ್ನಾನವೂ ಆಗ್ತಿತ್ತಂತೆ," ಎಂದರು ಹಾಜಿಯವರು. "ಅದು ಬೇಕಾದರೆ ಆಗಲಿ. ಆದರೆ ಕಥೆ ಹೇಳುವ ಜನ ಎದುರಿನಲ್ಲಿ. ಕೋಲು ಹಿಡಿದುಕೊಂಡು, ದೊಡ್ಡ ಕನ್ನಡದಲ್ಲಿ. ಹಿಂದಿನವರಿಗೆ ಒಂದೂ ಅರ್ಥ ಆಗುವುದಿಲ್ಲ. ಆಗ ಎದುರಿನಿಂದ ಒಬ್ಬರು ಎದ್ದು ಹಿಂದೆ ಬಂದರಂತೆ. ಬಂಟ್ವಾಳ ಕಡೆಯ ಗುತ್ತಿನ ಜನ, ದೊಡ್ಡ ಮನೆತನದವರು. ಜಾಗ ಹೋಗಬಾರದು ಅಂತ ಕೊಡೆ ಅಲ್ಲಿಯೇ ಇಟ್ಟು ಬಂದದ್ದು."

ಕೊಡೆ ಎಂಬ ಶಬ್ದ ಕೇಳಿಯೂ ಕೇಳದವಳಂತೆ ಒಂದು ಬಿಸ್ಕುಟು ಕೈಗೆತ್ತಿಕೊಂಡೆ. "ಯಾಕೆ ಬಂದದ್ದು?"

"ಪರದೆಯ ಹಿಂದೆ ಎಂತ ಉಂಟು ಅಂತ ನೋಡಲಿಕ್ಕೆ. ಬಂದು ನೋಡಿದರೆ ಎಂತ ಉಂಟು? ನಾವು ಉಂಟು, ಒದ್ದೆಯಾಗಿಕೊಂಡು." ಈ ಸಲ ಅವರೂ ನಕ್ಕರು. "ಅವರು ಅಲ್ಲಿಯೇ ಕೂತರು. ಎದುರಿನವ ಹೇಳಿದ್ದನ್ನು ತುಳುವಿನಲ್ಲಿ ಇವರು ಹೇಳಲಿಕ್ಕೆ ಶುರು ಮಾಡಿದರು. ಅಷ್ಟರಲ್ಲಿ ರಾಜನ ಊಟ ಬಂತು."

ಮುಂದಿನದನ್ನು ನಾನು ಆ ಅಂಗಡಿಯಲ್ಲಿ ಕೇಳಿದ ಹಾಗೆಯೇ ಬರೆಯುತ್ತೇನೆ. ಎದುರಿನ ವಿವರಣೆಗಾರ ಕೋಲೆತ್ತಿ, ಧರ್ಮಾತ್ಮನಾದ ರಾಜನು ಅತಿಥಿಗಳೊಡನೆ ಭೋಜನಕ್ಕೆ ಕುಳಿತಿದ್ದಾನೆ ಎಂದ. ಬಟ್ಟೆಯ ಹಿಂದಿನಿಂದ ಒಂದು ದನಿ ಬಂತು: "ಎಡಗೈಯಲ್ಲಿ ಉಣ್ಣುವವ ಎಂಥ ಧರ್ಮಾತ್ಮ?" ಎದುರಿನವ ತಬ್ಬಿಬ್ಬಾಗಿ, ಯಾರದು, ರಾಜ ಬಲಗೈಯಲ್ಲೇ ಉಣ್ಣುತ್ತಿದ್ದಾನೆ ಎಂದ. ಹಿಂದಿನ ದನಿ ಬಿಡಲಿಲ್ಲ. ರಾಜ ಮಾತ್ರ ಅಲ್ಲ, ಪಂಕ್ತಿಗೆ ಪಂಕ್ತಿಯೇ ಎಡಗೈ, ಇಂಥ ಅರಮನೆಯಲ್ಲಿ ನೀರು ಕೂಡ ಮುಟ್ಟಬಾರದು ಎಂದಿತು. ಹಿಂದಿನವರು ಹೋ ಎಂದರು. ಎದುರಿನವರು ಬಲಗೈ ಎಂದು ಕೂಗಿದರು. ಯಂತ್ರದ ಹಿಡಿ ತಿರುಗಿಸುವವನು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ದೀಪದ ಬಿಸಿಗೆ ರೀಲು ಸುಟ್ಟುಹೋಗುತ್ತದೆ. ವಾದ ತೀರ್ಮಾನವಾಗುವ ಮೊದಲೇ ರಾಜ ಉಂಡು ಕೈ ತೊಳೆದುಬಿಟ್ಟ. ಇನ್ನೊಮ್ಮೆ ಬಿಡು, ಇನ್ನೊಮ್ಮೆ ಬಿಡು ಎಂದು ಎರಡೂ ಕಡೆ ಗಲಾಟೆ. ಪಾಪ ಅವನು ರೀಲು ಹಿಂದೆ ಸುತ್ತಿ ಮತ್ತೆ ಊಟಕ್ಕೆ ಕೂರಿಸಿದ.

"ಆಗ ಓಡಿದ್ದು," ಎಂದರು ಹಾಜಿಯವರು.

"ಯಾರು?"

"ಎಲ್ಲರೂ. ಎದುರಿನವರು ಹಿಂದೆ, ಹಿಂದಿನವರು ಎದುರು. ಊಟ ಮುಗಿಯುವುದರೊಳಗೆ ನೋಡಬೇಕಲ್ಲ? ಕಂಬದ ಹತ್ತಿರ ಡಿಕ್ಕಿ ಹೊಡೆದುಕೊಂಡು ಬಿದ್ದವರೂ ಇದ್ದರಂತೆ. ಓಡಿ ಹೋಗಿ ನೋಡಿದರೆ ಹಿಂದೆ ಬಂದವರಿಗೆ ಎಡಗೈ, ಎದುರು ಹೋದವರಿಗೆ ಬಲಗೈ. ನಾವು ಓಡುವಾಗ ರಾಜ ಕೈ ಬದಲಾಯಿಸಿದ, ಮೋಸ ಅಂತ ಮತ್ತೆ ಜಗಳ. ಊಟ ಮೂರು ಸಲ ಆಯಿತಂತೆ ಆ ದಿನ."

"ಹೆದರಿ ಓಡಿದವರು ಇದ್ದರಾ?"

"ಊಟಕ್ಕೆ ಯಾರು ಹೆದರುತ್ತಾರೆ ಮಗಳೇ?"

"ರೈಲು?"

"ಯಾವ ರೈಲು?"

ಕೊಡೆಯನ್ನು ಮರುದಿನ ಅವರ ಅಜ್ಜನೇ ತಿರುಗಿ ಕೊಡಲು ಹೋದರಂತೆ. ಮುಂದಿನದು ಅವರಿಗೆ ಗೊತ್ತಿಲ್ಲ. ಹಿಂದಿನಿಂದ ನೋಡಿದರೆ ಎಡ ಬಲ ತಿರುಗಿ ಕಾಣುತ್ತದೆ ಎಂಬುದು ಹಾಜಿಯವರಿಗೆ ಚೆನ್ನಾಗಿ ಗೊತ್ತಿತ್ತು. "ಆದರೆ ನಮ್ಮ ಅಜ್ಜನ ಹತ್ತಿರ ಹೇಳುವ ಧೈರ್ಯ ಯಾರಿಗೆ? ಸಾಯುವವರೆಗೂ ರಾಜನದು ಎಡಗೈಯೇ," ಎಂದರು. ಆಮೇಲೆ ಕೇಳಿದರು, "ನಿಮಗೆ ದೋಣಿಯ ವಿಷಯ ಬೇಕಿತ್ತಲ್ಲ?"

ದೋಣಿ ಯಾರಿಗೆ ಬೇಕಿತ್ತು ಆಗ. ಸೇತುವೆಯ ಮೇಲೆ ಸ್ಕೂಟರು ನಿಲ್ಲಿಸಿ, ಕೆಳಗೆ ಹೊಳೆ, ಹಿಂದಿನಿಂದ ಬಸ್ಸುಗಳ ಹಾರ್ನು, ಮಾವನಿಗೆ ಫೋನು ಹಚ್ಚಿದೆ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಮಾವ ಕೇಳಿದರು. ನನ್ನ ಮಾತನ್ನು ನನಗಿಂತ ಚಂದ ಮಾಡಿ ಹೇಳಿದರು. ಆಮೇಲೆ ಒಡೆದರು.

"ನೋಡು ಮಾರಾಯ್ತಿ. ದೋಣಿಯವರಿಗೂ ನಮ್ಮ ಅಜ್ಜನಿಗೂ ಅಕ್ಕಿಯ ವ್ಯವಹಾರ ಇತ್ತು. ಬೈಗುಳ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿರಬಹುದು. ಎರಡು ಸಾಕ್ಷಿ ಅಂತ ನೀನು ಎಣಿಸಿದ್ದು ಒಂದೇ ಆಗಿರಬಹುದು. ಅಷ್ಟಕ್ಕೂ ಆ ರಾಜನ ಪಾತ್ರ ಮಾಡಿದವ ನಿಜವಾಗಿ ಎಡಚ ಆಗಿದ್ದರೆ?"

"ಪಂಕ್ತಿಗೆ ಪಂಕ್ತಿಯೇ ಎಡಚರಾ ಮಾವ?"

"ಪಂಕ್ತಿ ಅಂತ ಹೇಳಿದ್ದು ನಿನ್ನ ಹಾಜ್ಯಾರು. ನಮ್ಮ ಕಡೆಯ ಸಾಕ್ಷಿ ಹೇಳಿದ್ದಾ?"

ಸಿಟ್ಟು ಬಂತು, ಯಾಕೆಂದರೆ ಅದು ಸರಿಯಾದ ಪ್ರಶ್ನೆ. ಮನೆಗೆ ಹೋದವಳೇ ಚಪ್ಪಲಿ ತೆಗೆಯದೆ ಅಂಗಳದಿಂದಲೇ ಕೇಳಿದೆ. ಪಾಣೆಮಂಗಳೂರಿನ ವಿಷಯ ಒಂದಕ್ಷರ ಹೇಳಲಿಲ್ಲ.

"ಅಜ್ಜಿ, ಬಯಸ್ಕೋಪಿನ ರಾಜನ ಒಟ್ಟಿಗೆ ಊಟಕ್ಕೆ ಬೇರೆ ಯಾರಾದರೂ ಕೂತಿದ್ದರಾ?"

"ಕೂತಿದ್ದರಂತೆ. ಸುಮಾರು ಜನ."

"ಅವರು ಯಾವ ಕೈಯಲ್ಲಿ ಉಂಡದ್ದು?"

ಅಜ್ಜಿ ಎಡಗೈ ಎತ್ತಿದರು. "ಎಲ್ಲರೂ ಇದರಲ್ಲೇ ಅಂತೆ. ಆ ಊರಿನ ಕ್ರಮವೇ ಹಾಗೆ ಅಂತ ಅಪ್ಪ ಹೇಳ್ತಿದ್ದರು. ಯಾಕೆ ಈಗ?"

ನಾನು ಅಂಗಳದಲ್ಲಿ ಎರಡು ಸುತ್ತು ಓಡಿದೆ. ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಅಜ್ಜಿ ಚಾವಡಿಯಿಂದ, "ಇದಕ್ಕೆ ಎಂತ ಆಯಿತು," ಎಂದು ಯಾರಿಗೋ ಹೇಳುವಂತೆ ಹೇಳಿದರು.

ಬೈಗುಳ ಮನೆಯಿಂದ ಮನೆಗೆ ಹೋಗಿರಬಹುದು, ಒಪ್ಪುತ್ತೇನೆ. ಆದರೆ ಇಡೀ ಪಂಕ್ತಿ ಎಡಗೈಯಲ್ಲಿ ಉಣ್ಣುವ ಚಿತ್ರ ಎದುರಿನ ಸಾಲಿನಲ್ಲಿ ಕೂತವರಿಗೆ ಕಾಣಲು ಸಾಧ್ಯವೇ ಇಲ್ಲ. ಮುತ್ತಜ್ಜ ತನ್ನ ಮಗಳಿಗೆ ಎಡಗೈಯನ್ನು ತೋರಿಸಿದರು ಎಂದರೆ ಅವರು ಬಟ್ಟೆಯ ಹಿಂದೆ ಇದ್ದರು. ಹಿಂದೆ ಇದ್ದರು ಎಂದರೆ ಓಡಿ ಮನೆಗೆ ಹೋಗಿರಲಿಲ್ಲ. ನೆಟ್ಟಗೆ ಪರದೆಯ ಕಡೆಗೇ ಹೋಗಿದ್ದರು, ನನ್ನಂತೆಯೇ ಹಿಂದೆ ಏನಿದೆ ಎಂದು ನೋಡಲು. ಮತ್ತು ಅವರ ತಪ್ಪು ನೋಡಿ, ಎಂಥ ಚಂದದ ತಪ್ಪು. ಹೇಳುವವನೊಬ್ಬ ಇದ್ದ ಕಡೆ ಎದುರು ಹೇಳುವವನೊಬ್ಬ ಇರಲೇಬೇಕು ಎಂದು ತಿಳಿದ ತಾಳಮದ್ದಳೆಯ ಊರಿನವರು ಮಾತ್ರ ಮಾಡಬಹುದಾದ ತಪ್ಪು. ಬಯಸ್ಕೋಪಿಗೂ ಪ್ರತಿವಾದಿ ಬೇಕು ಎಂದುಕೊಂಡುಬಿಟ್ಟರು ಅವರು.

ರೈಲು ಆ ದಿನ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೂ ಇರಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ. ಆದರೆ ಓಡಿದವರ ದಿಕ್ಕು ಮಾತ್ರ ಗೊತ್ತಾಗಿತ್ತು.

ಮಾವನಿಗೆ ಇಷ್ಟನ್ನು ಮತ್ತೆ ಫೋನಿನಲ್ಲಿ ಹೇಳಿದೆ. ಅವರು, "ನಾಳೆ ಭಾನುವಾರ. ನಿನ್ನ ಅಜ್ಜಿಯನ್ನೂ ಕರೆದುಕೊಂಡು ಬಾ. ಎದುರೆದುರೇ ಆಗಲಿ," ಎಂದರು. ಸೋಲುವವರ ದನಿ ಅಲ್ಲ ಅದು, ಸಭೆ ಕರೆಯುವವರ ದನಿ.

ಸಭೆಗೆ ನಾನು ಸಾಮಾನು ಸಮೇತ ಹೋದೆ. ಬೆಳ್ತಂಗಡಿಯ ಕಾಲೇಜಿನಿಂದ ತಂದಿಟ್ಟುಕೊಂಡಿದ್ದ ಪುಟ್ಟ ಪ್ರೊಜೆಕ್ಟರು, ಅಜ್ಜಿಯ ಹಳೆಯ ಬಿಳಿ ಹತ್ತಿಯ ಬೆಡ್‌ಶೀಟು. ಬೆಳಿಗ್ಗೆ ಹೊರಡುವ ಮೊದಲು ಅಜ್ಜಿ ಗಂಜಿ ಊಟ ಮಾಡುವುದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದೆ. "ಉಣ್ಣುವಾಗ ಎಂತದು ಫೋಟೋ," ಎಂದು ಬೈದರೂ ಉಂಡರು. ಉಪ್ಪಿನಕಾಯಿ ನೆಕ್ಕಿದ್ದೂ ಬಂತು.

ಮೂಡುಬಿದಿರೆಯ ಮಾವನ ಮನೆಯಲ್ಲಿ ಹಾಲಿಗೂ ಊಟದ ಕೋಣೆಗೂ ನಡುವೆ ಅಗಲವಾದ ಬಾಗಿಲಿದೆ. ಅದಕ್ಕೆ ಬೆಡ್‌ಶೀಟು ಕಟ್ಟಿದೆ. ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದೆ. ಬಕೆಟಿನಿಂದ ನೀರು ಚಿಮುಕಿಸಲು ಶುರು ಮಾಡಿದಾಗ ಅತ್ತೆ ಅಡುಗೆಮನೆಯಿಂದಲೇ, "ಇತಿಹಾಸ ಆಗಲಿ. ನೆಲ ಒರೆಸುವವರು ಯಾರು?" ಎಂದರು. ನಾನೇ ಎಂದೆ.

ಮಾವನನ್ನು ಹಾಲಿನಲ್ಲಿ, ಎದುರು ಸಾಲಿನ ಏಕೈಕ ಕುರ್ಚಿಯಲ್ಲಿ ಕೂರಿಸಿದೆ. ಹೆಗಲ ಬೈರಾಸು ಮಡಿಲಿಗೆ ಬಂತು. ಅಜ್ಜಿಯನ್ನು ಬಟ್ಟೆಯ ಆಚೆ, ಊಟದ ಕೋಣೆಯಲ್ಲಿ. ಏನು ತೋರಿಸುತ್ತೇನೆ ಎಂದು ಇಬ್ಬರಿಗೂ ಹೇಳಿರಲಿಲ್ಲ. "ಯಾವ ಕೈ ಅಂತ ಮಾತ್ರ ಹೇಳಿ," ಎಂದೆ. ಬೆಳಕು ಬಿಟ್ಟೆ.

ಒದ್ದೆ ಬಟ್ಟೆಯ ಮೇಲೆ ಅಜ್ಜಿ ಮೂಡಿದರು. ಮುಖಕ್ಕಿಂತ ದೊಡ್ಡ ಗಂಜಿಯ ಬಟ್ಟಲು. ನೀರಿನ ಗೆರೆಗಳು ಅವರ ಸೀರೆಯ ಮೇಲೆ ಇಳಿಯುತ್ತಿದ್ದವು. ಸದ್ದು ಬೇಕೆಂದೇ ತೆಗೆದಿದ್ದೆ. ಅಜ್ಜಿ ಕೈ ಬಾಯಿಗೆ ಒಯ್ದರು.

ಆಚೆಯಿಂದ ಅಜ್ಜಿಯ ದನಿ ಬಂತು. "ಥೂ. ಇದು ನಾನಾ? ನಾನು ಎಡಗೈಯಲ್ಲಿ ಉಣ್ಣುವುದಾ?"

"ಎಡಗೈ ಎಲ್ಲಿ ಅಮ್ಮ," ಎಂದರು ಮಾವ ಈಚೆಯಿಂದ. "ಬಲಗೈಯಲ್ಲೇ ಉಣ್ಣುತ್ತಿದ್ದಿ."

"ಎಡಗೈ ಮಗಾ. ನನ್ನ ಕಣ್ಣಿಗೆ ಆಪರೇಷನ್ ಆಗಿದೆ, ಸರಿಯಾಗಿ ಕಾಣ್ತದೆ."

"ನನಗೂ ಕಾಣ್ತದೆ. ಬಲಗೈ."

"ಎಂಬತ್ತೇಳು ವರ್ಷ ಉಂಡ ಕೈ ಯಾವುದು ಅಂತ ನನಗೆ ಗೊತ್ತಿಲ್ವಾ? ಇದು ಆ ಕೈ ಅಲ್ಲ."

"ಗೊತ್ತಿದ್ದರೆ ಸರಿಯಾಗಿ ನೋಡು. ಬಲ."

"ನೀನು ಮಾಸ್ಟ್ರು ಆಗಿ ಮಕ್ಕಳಿಗೆ ಎಂತ ಕಲಿಸಿದೆಯೋ. ಎಡ."

ಬೆಳಕು ಬಟ್ಟೆಯಲ್ಲಿ ಹೇಗೆ ದಾಟುತ್ತದೆ ಎಂದು ಮಾವನಿಗೆ ತಿಳಿಯದೆ ಏನಿಲ್ಲ. ನಲವತ್ತು ವರ್ಷ ಪಾಠ ಮಾಡಿದವರು. ಆದರೆ ಬಟ್ಟೆಯ ಆಚೆಯಿಂದ, ಮುಖ ಕಾಣದ ಒಂದು ದನಿ ತನ್ನ ಮಾತಿಗೆ ಎದುರು ಹೇಳುತ್ತಿದೆ ಎಂದರೆ ಅರ್ಥಧಾರಿಗೆ ತಡೆದುಕೊಳ್ಳಲು ಆಗುವುದಿಲ್ಲ. ಬಟ್ಟೆಯ ಮೇಲೆ ಗಂಜಿ ಖಾಲಿಯಾಗುತ್ತ ಬಂದಿತ್ತು. ಅಜ್ಜಿ ಉಪ್ಪಿನಕಾಯಿಗೆ ಬೆರಳು ಹಾಕಿದ್ದರು, ಇನ್ನೊಂದೆರಡು ತುತ್ತಿನಲ್ಲಿ ಊಟ ಮುಗಿಯುವುದಿತ್ತು. "ಎಲ್ಲಿ ಎಡ?" ಎನ್ನುತ್ತ ಮಾವ ಎದ್ದರು. ನಾನು ಕಣ್ಣಾರೆ ನೋಡಿದೆ. ಎಪ್ಪತ್ತರ ಹತ್ತಿರದ ಮನುಷ್ಯ ಪಂಚೆ ಎತ್ತಿ ಹಿಡಿದು, ಒದ್ದೆ ನೆಲದಲ್ಲಿ ಒಮ್ಮೆ ಜಾರಿ, ಬೆಡ್‌ಶೀಟಿನ ಅಂಚು ಸರಿಸಿ ಊಟದ ಕೋಣೆಗೆ ಓಡಿದರು. ಕುರ್ಚಿಯ ಕೆಳಗೆ ಅವರ ಬೈರಾಸು ಬಿದ್ದಿತ್ತು.

ನಾನೂ ಹಿಂದೆಯೇ ಹೋದೆ.

ಅಜ್ಜಿ ಬಟ್ಟೆಯನ್ನೇ ನೋಡುತ್ತಿದ್ದರು. ಅವರ ಸ್ವಂತ ಎಡಗೈ ಯಾವಾಗಲೋ ತಾನಾಗಿಯೇ ಮೇಲೆ ಬಂದಿತ್ತು, ಸೌಟು ಹಿಡಿದ ಹಾಗೆ. ಮುಖದ ಮೇಲೆ ನೀರಿನ ಹನಿ, ಬಟ್ಟೆಯ ಬೆಳಕು. ಮಾವ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತು, ಬಟ್ಟೆಯಲ್ಲಿ ತನ್ನ ಅಮ್ಮ ಎಡಗೈಯಲ್ಲಿ ಕೊನೆಯ ತುತ್ತು ಉಣ್ಣುವುದನ್ನು ನೋಡಿದರು.

ಅಜ್ಜಿ ನಿಧಾನವಾಗಿ ಅವರ ಕಡೆ ತಿರುಗಿದರು. ಮೇಲಿನಿಂದ ಕೆಳಗಿನವರೆಗೆ ನೋಡಿದರು, ಎತ್ತಿ ಹಿಡಿದ ಪಂಚೆಯನ್ನೂ.

"ಮಗಾ," ಎಂದು ಕೇಳಿದರು, "ನೀನೀಗ ಅಲ್ಲಿಂದ ಓಡಿ ಬಂದೆಯಲ್ಲ, ಹೆದರಿಯಾ?"